ಸೇರಲು ಇಪ್ಪತ್ತು ನಿಮಿಷ, ಹೆಸರು ತೆಗೆಸಲು ಹದಿನಾರು ವಾರ: ಕಲಬುರಗಿಯ ಒಂದು ವಧು-ವರರ ಮಾಹಿತಿ ಕೇಂದ್ರ

ಕಲಬುರಗಿಯ ಒಂದು ವಧು-ವರರ ಮಾಹಿತಿ ಕೇಂದ್ರದಲ್ಲಿ ನನ್ನ ಹಿರಿಯ ಮಗಳ ಬಯೋಡೇಟಾ 2025ರ ಜನವರಿಯಿಂದ 2026ರ ಮಾರ್ಚ್‌ವರೆಗೆ ಇತ್ತು. ಅದರಲ್ಲಿ ಕೊನೆಯ ಹದಿನಾರು ವಾರ, ಅಂದರೆ ನಾನು ಲಿಖಿತ ಅರ್ಜಿ ಕೊಟ್ಟ ದಿನದಿಂದ ಅದು ವಿಲೇವಾರಿಯಾದ ದಿನದವರೆಗೆ, ಅಲ್ಲಿ ಇರಬಾರದಾಗಿತ್ತು. ಆ ಕೇಂದ್ರವು ಸಂಬಂಧಗಳನ್ನು ಹೇಗೆ ತೋರಿಸುತ್ತದೆ ಎಂಬುದನ್ನು ಹೇಳುವವರು ಊರಲ್ಲಿ ಬೇಕಾದಷ್ಟು ಜನರಿದ್ದಾರೆ. ಸಂಬಂಧ ಬೇರೆ ಕಡೆ ಕೂಡಿಬಂದು 'ನಮ್ಮ ಹೆಸರು ತೆಗೆದುಬಿಡಿ' ಎಂದು ಕೇಳಿದವರನ್ನು ಅದು ಹೇಗೆ ನಡೆಸಿಕೊಳ್ಳುತ್ತದೆ ಎಂಬುದನ್ನು ಯಾರೂ ಬರೆದದ್ದು ನನ್ನ ಕಣ್ಣಿಗೆ ಬಿದ್ದಿಲ್ಲವಾದ್ದರಿಂದ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಕೇಂದ್ರದ ಹೆಸರನ್ನಾಗಲಿ ಓಣಿಯನ್ನಾಗಲಿ ಹೇಳುವುದಿಲ್ಲ. ಅಲ್ಲಿ ಕೊನೆಗೆ ಕೆಲಸ ಮಾಡಿಕೊಟ್ಟ ಹುಡುಗಿಗೆ ತೊಂದರೆಯಾಗಬಾರದು ಎಂಬುದು ಅದಕ್ಕೆ ಒಂದು ಕಾರಣ.

ನನ್ನ ಬಗ್ಗೆ ಒಂದು ಮಾತು ಇಲ್ಲಿ ಅಗತ್ಯ. ನಾನು ತಾಲ್ಲೂಕು ಕಚೇರಿಯ ಅಭಿಲೇಖಾಲಯದಲ್ಲಿ, ಅಂದರೆ ಹಳೆಯ ಕಡತಗಳ ಕೋಣೆಯಲ್ಲಿ, ಬಹಳ ವರ್ಷ ದುಡಿದು ನಿವೃತ್ತನಾದವನು. ಕಾಗದವನ್ನು ಒಳಗೆ ತೆಗೆದುಕೊಳ್ಳುವುದಕ್ಕೆ ಎಷ್ಟು ಶಿಸ್ತು ಬೇಕೋ ಹೊರಗೆ ಹಾಕುವುದಕ್ಕೂ ಅಷ್ಟೇ ಶಿಸ್ತು ಬೇಕು ಎಂಬುದು ನನಗೆ ಆ ಕೋಣೆಯಲ್ಲಿ ಅಭ್ಯಾಸವಾಗಿಹೋದ ವಿಷಯ. ಹೀಗಾಗಿ ಬೇರೆಯವರಿಗೆ ಸಣ್ಣದಾಗಿ ಕಾಣುವ ಕೆಲವು ಲೋಪಗಳು ನನಗೆ ದೊಡ್ಡದಾಗಿ ಕಂಡಿರಬಹುದು. ಓದುವವರು ಅಷ್ಟನ್ನು ಕಳೆದುಕೊಂಡು ಓದಬೇಕು.

ಸೇರಿಕೊಳ್ಳುವ ಕೆಲಸ ಸುಲಭವಾಗಿಯೇ ಆಯಿತು. ಸಂಕ್ರಾಂತಿ ಕಳೆದ ವಾರ ನಾನು ಮತ್ತು ನನ್ನ ಹೆಂಡತಿ ಹೋಗಿ ಕುಳಿತೆವು. ಮೂರು ಪುಟದ ಫಾರ್ಮು, ಎರಡು ಫೋಟೋ, ಮೊಬೈಲಿಗೆ ಒಂದು ಓಟಿಪಿ, ಒಂದು ವರ್ಷಕ್ಕೆ 3,500 ರೂಪಾಯಿ ಶುಲ್ಕ, ಗುಲಾಬಿ ಬಣ್ಣದ ರಸೀದಿ, ಒಂದು ಕಪ್ ಚಹಾ. ಒಟ್ಟು ಇಪ್ಪತ್ತು ನಿಮಿಷ. ಮಗಳ ಜನ್ಮ ದಿನಾಂಕ, ಹುಟ್ಟಿದ ಸಮಯ, ಎತ್ತರ, ಓದು, ಸಂಬಳ, ನಮ್ಮ ಮನೆಯ ವಿಳಾಸ, ನನ್ನ ಪಿಂಚಣಿ, ಸ್ವಂತ ಮನೆಯೋ ಬಾಡಿಗೆಯೋ, ಊರಲ್ಲಿ ಹೊಲ ಎಷ್ಟು ಎಕರೆ, ನೀರಾವರಿಯೋ ಒಣಬೇಸಾಯವೋ, ಒಡಹುಟ್ಟಿದವರೆಷ್ಟು, ಅವರು ಏನು ಓದುತ್ತಾರೆ ಎಂಬುದೆಲ್ಲ ಆ ಮೂರು ಪುಟದಲ್ಲಿತ್ತು. ಬ್ಯಾಂಕಿನಲ್ಲಿ ಸಾಲ ಕೇಳಿದಾಗಲೂ ನನ್ನನ್ನು ಇಷ್ಟು ಕೇಳಿರಲಿಲ್ಲ. ಆದರೆ ಮದುವೆಯ ವಿಷಯದಲ್ಲಿ ಇವೆಲ್ಲ ಕೇಳುವಂಥದ್ದೇ ಎಂದು ನಾವಿಬ್ಬರೂ ಒಪ್ಪಿ, ಕೊನೆಯ ಪುಟದ ಸಣ್ಣ ಅಕ್ಷರಗಳನ್ನು ಓದದೆ ಸಹಿ ಹಾಕಿದೆವು.

ಕೇಂದ್ರದ ಒಳ್ಳೆಯ ಗುಣಗಳನ್ನು ಮೊದಲೇ ಹೇಳಿಬಿಡುವುದು ನ್ಯಾಯ. ನಾವು ಕೊಟ್ಟ ಮಾಹಿತಿಯನ್ನು ಅವರು ಹಾಗೆಯೇ ನಂಬುವುದಿಲ್ಲ. ಮಗಳು ಪಾಠ ಮಾಡುವ ಪದವಿಪೂರ್ವ ಕಾಲೇಜಿನ ಕಚೇರಿಗೆ ಫೋನ್ ಮಾಡಿ ಆಕೆ ಅಲ್ಲಿ ಉಪನ್ಯಾಸಕಿ ಹೌದೋ ಅಲ್ಲವೋ ಎಂದು ವಿಚಾರಿಸಿದ್ದರು. ತೋರಿಸಿದ ಸಂಬಂಧಗಳಲ್ಲಿ ಒಂದೂ ಸುಳ್ಳಿನದಾಗಿರಲಿಲ್ಲ. ಹತ್ತು ತಿಂಗಳಲ್ಲಿ ಹನ್ನೊಂದು ಬಯೋಡೇಟಾ ಕಳಿಸಿದರು, ನಾಲ್ಕು ಮನೆಯವರು ಬಂದು ಹೋದರು. ಕೊಟ್ಟ ಹಣಕ್ಕೆ ಇದು ಮೋಸವಲ್ಲ.

ಕೊನೆಗೆ ಸಂಬಂಧ ಕೂಡಿದ್ದು ಹುಮನಾಬಾದಿನಲ್ಲಿರುವ ನನ್ನ ನಾದಿನಿಯ ಮೂಲಕ. ಮಾತುಕತೆ ಮುಗಿದ ಮೇಲೆ, 2025ರ ನವೆಂಬರ್ 10ರಂದು, ನಾನು ಮೊಬೈಲ್ ಆ್ಯಪ್ ತೆರೆದು ಖಾತೆ ಅಳಿಸುವ ಗುಂಡಿಯನ್ನು ಹುಡುಕಿದೆ. ಇದ್ದದ್ದು 'ತಾತ್ಕಾಲಿಕವಾಗಿ ಮರೆಮಾಡಿ' ಎಂಬ ಒಂದೇ ಗುಂಡಿ. ಅದನ್ನು ಒತ್ತಿ, ಸಮಾಧಾನವಾಗದೆ ಕೇಂದ್ರಕ್ಕೂ ಫೋನ್ ಮಾಡಿದೆ. ವ್ಯವಸ್ಥಾಪಕರು ನಕ್ಕು, "ಲಗ್ನ ಆದ ಮ್ಯಾಲೆ ತಾನಾಗೇ ಹೋಗ್ತದ್ರಿ ಸರ್, ನೀವು ಯಾಕ ತಲಿ ಕೆಡಿಸ್ಕೋತೀರಿ?" ಎಂದರು. ತಾನಾಗಿಯೇ ಹೋಗುವ ಕಡತವನ್ನು ನನ್ನ ಸೇವಾವಧಿಯಲ್ಲಿ ನಾನು ಒಂದನ್ನೂ ಕಂಡಿಲ್ಲ. ಗೆದ್ದಲು ತಿಂದವನ್ನು ಬಿಟ್ಟರೆ. ಆದರೂ ಆ ದಿನ ಸುಮ್ಮನಾದೆ.

ನವೆಂಬರ್ 30ರ ಭಾನುವಾರ ನಮ್ಮ ಮನೆಯಲ್ಲಿ ನಿಶ್ಚಯ. ಬೀಗರು ಊಟಕ್ಕೆ ಕುಳಿತಿದ್ದರು, ಹೋಳಿಗೆ ಬಡಿಸಿ ಆಗಿತ್ತು, ನನ್ನ ಹೆಂಡತಿ ತುಪ್ಪದ ಗಿಂಡಿ ಹಿಡಿದು ಸಾಲಿನ ನಡುವೆ ಇದ್ದಳು. ಟೀಪಾಯಿಯ ಮೇಲಿದ್ದ ಆಕೆಯ ಫೋನ್ ಹೊಡೆದುಕೊಂಡಿತು. ಕೈಯಲ್ಲಿ ತುಪ್ಪವಿದ್ದುದರಿಂದ ಆಕೆಯ ತಮ್ಮ ಎತ್ತಿ ಸ್ಪೀಕರಿಗೆ ಹಾಕಿದ. "ನಾವು ಬಸವಕಲ್ಯಾಣದಿಂದ ಮಾತಾಡ್ಲಿಕತ್ತೀವ್ರಿ. ನಿಮ್ಮ ಹುಡುಗಿ ಫೋಟೋ ನೋಡೀವಿ, ನಮ್ಮ ಹುಡುಗನಿಗೂ ಮನಸ್ಸಿಗೆ ಬಂದದ. ಮುಂದಿನ ಐತವಾರ ಬರ್ಲೇನ್ರಿ?" ಎಂಬ ಹೆಂಗಸಿನ ದನಿ ಹಜಾರದ ತುಂಬ ಕೇಳಿಸಿತು. ಗಂಡಿನ ತಂದೆ ಹೋಳಿಗೆ ಮುರಿಯುತ್ತಿದ್ದ ಕೈ ನಿಲ್ಲಿಸಿ ನನ್ನನ್ನು ನೋಡಿದರು. ಅವರು ತಿಳಿವಳಿಕೆಯುಳ್ಳವರು, ಆಮೇಲೆ ನಕ್ಕರು. ಆದರೆ ಅವರ ಅಕ್ಕ ನಗಲಿಲ್ಲ. ಇನ್ನೊಂದು ಕಡೆಯೂ ಮಾತು ನಡೆಸಿಟ್ಟುಕೊಂಡಿದ್ದೇವೆಯೋ ಎಂಬ ಪ್ರಶ್ನೆಗೆ ಆ ಸಂಜೆ ನಾನು ಎರಡು ಬಾರಿ ಉತ್ತರ ಹೇಳಬೇಕಾಯಿತು. ಬಸವಕಲ್ಯಾಣದ ಆ ತಾಯಿಯದು ಏನೂ ತಪ್ಪಿರಲಿಲ್ಲ. ಯಾರೋ ಕಳಿಸಿದ ಬಯೋಡೇಟಾ ನೋಡಿ ಆಕೆ ಫೋನ್ ಮಾಡಿದ್ದಳು, ಅಷ್ಟೇ.

ಮರುದಿನ, ಡಿಸೆಂಬರ್ 1ರಂದು, ಬಿಳಿ ಹಾಳೆಯಲ್ಲಿ ಅರ್ಜಿ ಬರೆದುಕೊಂಡು ಕೇಂದ್ರಕ್ಕೆ ಹೋದೆ. ವಿಷಯ, ಉಲ್ಲೇಖ, ಸದಸ್ಯತ್ವ ಸಂಖ್ಯೆ, ರಸೀದಿ ಸಂಖ್ಯೆ, ಕೋರಿಕೆ, ಎಲ್ಲವೂ ಇದ್ದ ಒಂದೂವರೆ ಪುಟದ ಅರ್ಜಿ. ಅದನ್ನು ಯಾರ ಕೈಗೆ ಕೊಡಬೇಕು ಎಂಬುದೇ ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹೊಸ ಸದಸ್ಯರಿಗೆ ಒಂದು ಮೇಜು, ಶುಲ್ಕಕ್ಕೆ ಒಂದು ಮೇಜು, ಜಾತಕ ನೋಡುವವರಿಗೆ ಪರದೆ ಹಾಕಿದ ಮೂಲೆ ಇತ್ತು. ಬಿಟ್ಟು ಹೋಗುವವರಿಗೆ ಮೇಜಿರಲಿಲ್ಲ. ಸ್ವೀಕೃತಿ ಕೊಡಿ ಎಂದಾಗ ವ್ಯವಸ್ಥಾಪಕರಿಗೆ ಅದು ಅವಮಾನದಂತೆ ಕಂಡಿತು. "ನಮ್ಮ ಮ್ಯಾಲೆ ಭರೋಸಾ ಇಲ್ಲೇನ್ರಿ?" ಎಂದು ಕೇಳಿದರು. ಈ ರಾಜ್ಯದಲ್ಲಿ 2012ರಿಂದ ಸಕಾಲ ಜಾರಿಯಲ್ಲಿದೆ. ಜಾತಿ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿದವನಿಗೂ ಸ್ವೀಕೃತಿ ಸಂಖ್ಯೆ ಸಿಗುತ್ತದೆ, ಇಂತಿಷ್ಟು ದಿನ ಎಂಬ ಗಡುವು ಇರುತ್ತದೆ, ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರ ಕೇಳುವ ಹಕ್ಕಿರುತ್ತದೆ. ನಾವು ಬೈಯುವ ಸರ್ಕಾರಿ ಕಚೇರಿ ಕಲಿತುಕೊಂಡಿರುವ ಈ ಪಾಠವನ್ನು, ಗಾಜಿನ ಬಾಗಿಲು ಮತ್ತು ಏಸಿ ಇರುವ ಈ ಖಾಸಗಿ ಕೇಂದ್ರ ಇನ್ನೂ ಕಲಿತಿರಲಿಲ್ಲ. ಹದಿನೈದು ನಿಮಿಷದ ಜಗ್ಗಾಟದ ನಂತರ ನಕಲು ಪ್ರತಿಯ ಮೇಲೆ ಸೀಲು ಬಿತ್ತು, ದಿನಾಂಕ ಮಾತ್ರ ನಾನೇ ಬರೆದುಕೊಂಡೆ.

ಕೆಲಸ ಎಷ್ಟಿದೆ ಎಂಬುದು ನನಗೆ ತಿಳಿದದ್ದು ವ್ಯವಸ್ಥಾಪಕರಿಂದಲ್ಲ, ಕಂಪ್ಯೂಟರ್ ಮುಂದೆ ಕೂಡುವ ಒಬ್ಬ ಹುಡುಗಿಯಿಂದ. ಆಕೆಗೆ ಇಪ್ಪತ್ತೆರಡೋ ಇಪ್ಪತ್ತಮೂರೋ ವಯಸ್ಸು. ಜನವರಿಯಲ್ಲಿ ನಾನು ಮೂರನೆಯ ಸಲ ಹೋಗಿದ್ದಾಗ ವ್ಯವಸ್ಥಾಪಕರು ಇರಲಿಲ್ಲ. ಆಕೆ ನನ್ನ ಅರ್ಜಿಯನ್ನು ಪೂರ್ತಿ ಓದಿ, "ಕಾಕಾ, ಆ್ಯಪ್‌ನ್ಯಾಗ ತೆಗೆದ್ರ ಆಗಂಗಿಲ್ರಿ, ಬ್ಯಾರೆ ಕಡೀನೂ ಅದ" ಎಂದು ಎದ್ದು ಒಂದೊಂದನ್ನೇ ತೋರಿಸಿದಳು. ಆ್ಯಪ್‌ನಲ್ಲಿ ನಾನು ಮರೆಮಾಡಿದ್ದ ಖಾತೆ ಸಿಬ್ಬಂದಿಯ ಲಾಗಿನ್‌ನಲ್ಲಿ ಬೂದು ಬಣ್ಣದಲ್ಲಿ ಹಾಗೆಯೇ ಕಾಣುತ್ತಿತ್ತು. ಅದನ್ನು ತೆರೆದು ಬಯೋಡೇಟಾವನ್ನು ಮುದ್ರಿಸಲು ಏನೂ ಅಡ್ಡಿ ಇರಲಿಲ್ಲ. ಅದೇ ಕಂಪ್ಯೂಟರಿನಲ್ಲಿ ಎಕ್ಸೆಲ್ ಪಟ್ಟಿಯೊಂದಿತ್ತು, ಅದು ಆ್ಯಪ್ ಬರುವುದಕ್ಕೆ ಮುಂಚಿನ ಕಾಲದ್ದು, ಆದರೆ ವ್ಯವಸ್ಥಾಪಕರಿಗೆ ಅದೇ ರೂಢಿಯಾದ್ದರಿಂದ ಹೊಸ ಹೆಸರುಗಳೂ ಅದಕ್ಕೆ ಸೇರುತ್ತಿದ್ದವು. ಸ್ಟೀಲ್ ಅಲಮಾರಿಯ ಬಾಕ್ಸ್ ಫೈಲಿನಲ್ಲಿ ಮೂಲ ಫಾರ್ಮು ಮತ್ತು ಫೋಟೋ ಇತ್ತು. ಮೇ ತಿಂಗಳಲ್ಲಿ ನಡೆಸಿದ ಸಮಾವೇಶಕ್ಕಾಗಿ ಅಚ್ಚು ಹಾಕಿಸಿದ ವಧು-ವರರ ಪುಸ್ತಕದ 46ನೆಯ ಪುಟದಲ್ಲಿ, ಎಡಗಡೆಯ ಮೇಲಿನ ಚೌಕದಲ್ಲಿ, ನನ್ನ ಮಗಳು ಹಸಿರು ಸೀರೆಯಲ್ಲಿ ಇದ್ದಳು. ಕೊನೆಯದು ವಾಟ್ಸ್ಆ್ಯಪ್ ಗುಂಪುಗಳು. ಆಳಂದ, ಸೇಡಂ, ಜೇವರ್ಗಿ, ಭಾಲ್ಕಿ ಕಡೆಯ ಕೇಂದ್ರದ ಪ್ರತಿನಿಧಿಗಳು ಇರುವ ಗುಂಪುಗಳಲ್ಲಿ ಆಕೆಯ ಬಯೋಡೇಟಾ ಚಿತ್ರರೂಪದಲ್ಲಿ ಹೋಗಿತ್ತು. ಬಸವಕಲ್ಯಾಣದ ಫೋನ್ ಬಂದದ್ದು ಎಲ್ಲಿಂದ ಎಂಬುದು ಆಗ ಅರ್ಥವಾಯಿತು.

ಈ ಐದರಲ್ಲಿ ಮೊದಲ ಎರಡನ್ನು ಅಳಿಸುವುದು ಅರ್ಧ ಗಂಟೆಯ ಕೆಲಸ. ಆ್ಯಪ್ ನಡೆಸುವುದು ಹೈದರಾಬಾದಿನ ಒಂದು ಸಾಫ್ಟ್‌ವೇರ್ ಕಂಪನಿಯಾದ್ದರಿಂದ ಅವರಿಗೊಂದು ಈಮೇಲ್ ಬರೆಯಬೇಕಿತ್ತು. ಆ ಈಮೇಲ್ ಹೋಗಲು ಹತ್ತು ವಾರ ಹಿಡಿಯಿತು ಎಂಬುದನ್ನು ಬೇರೆಯಾಗಿ ಹೇಳುತ್ತೇನೆ. ಬಾಕ್ಸ್ ಫೈಲಿನ ಕಾಗದವನ್ನು ಕೈಗೆ ಕೊಟ್ಟರೆ ಮುಗಿಯಿತು. ಅಚ್ಚಾದ ಪುಸ್ತಕ ಮತ್ತು ವಾಟ್ಸ್ಆ್ಯಪ್ ಮಾತ್ರ ನಿಜವಾದ ತೊಡಕು. ಕಳಿಸಿದ ಸಂದೇಶವನ್ನು ಎಲ್ಲರ ಫೋನಿನಿಂದಲೂ ಅಳಿಸಲು ವಾಟ್ಸ್ಆ್ಯಪ್ ಕೊಡುವ ಅವಧಿ ಎರಡು ದಿನಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ. ಮಾರ್ಚ್‌ನಲ್ಲಿ ಹೋದ ಚಿತ್ರವನ್ನು ಜನವರಿಯಲ್ಲಿ ಯಾರೂ ಹಿಂದಕ್ಕೆ ಕರೆಯಲಾರರು. ಹಾಗಿದ್ದ ಮೇಲೆ ಗುಂಪಿಗೆ ಹಾಕುವ ಮುಂಚೆಯೇ ಯೋಚಿಸಬೇಕಾಗಿತ್ತು. ಪೂರ್ತಿ ಬಯೋಡೇಟಾದ ಬದಲು ಸದಸ್ಯತ್ವ ಸಂಖ್ಯೆ, ವಯಸ್ಸು, ಓದು ಇಷ್ಟನ್ನೇ ಹಾಕಿ, ಆಸಕ್ತಿ ತೋರಿಸಿದವರಿಗೆ ಆ್ಯಪ್‌ನ ಕೊಂಡಿ ಕಳಿಸಿದ್ದರೆ, ಕೊಂಡಿಯನ್ನು ಮುಚ್ಚಿದ ದಿನವೇ ಎಲ್ಲ ಕಡೆಯಿಂದ ಬಯೋಡೇಟಾ ಮುಚ್ಚಿಕೊಳ್ಳುತ್ತಿತ್ತು.

ವ್ಯವಸ್ಥಾಪಕರ ಎಲ್ಲ ಆಕ್ಷೇಪಗಳೂ ಹುರುಳಿಲ್ಲದವು ಎನ್ನಲಾರೆ. ಕೇಳಿದವರು ನಿಜವಾದ ಸದಸ್ಯರೇ ಎಂದು ಖಾತ್ರಿ ಮಾಡಿಕೊಳ್ಳದೆ ಅಳಿಸುವುದಿಲ್ಲ ಎಂಬ ಅವರ ಮಾತು ಸರಿಯಾಗಿತ್ತು, ಮತ್ತು ಅದಕ್ಕೆ ಅವರು ಕೊಟ್ಟ ಉದಾಹರಣೆ ನಮ್ಮ ಕಡೆಯದೇ ಆಗಿತ್ತು. ಹಿಂದೊಮ್ಮೆ ಒಬ್ಬ ಹುಡುಗಿಯ ಸೋದರಮಾವ, ತನ್ನ ಮಗನಿಗೆ ಆಕೆಯನ್ನು ಕೊಡಲಿಲ್ಲವೆಂಬ ಸಿಟ್ಟಿಗೆ, ಆಕೆಯ ತಂದೆಯ ಹೆಸರಿನಲ್ಲಿ ಫೋನ್ ಮಾಡಿ ಬಯೋಡೇಟಾ ತೆಗೆಸಿದ್ದನಂತೆ. ಮನೆಯವರಿಗೆ ಅದು ಗೊತ್ತಾದದ್ದು ಎರಡು ತಿಂಗಳು ಒಂದೂ ಸಂಬಂಧ ಬರದೆ ಹೋದ ಮೇಲೆ. ಅಳಿಸಿದ್ದನ್ನು ಮರಳಿ ತರಲಾಗುವುದಿಲ್ಲ, ಆದ್ದರಿಂದ ಇಲ್ಲಿ ಗುರುತು ಪರೀಕ್ಷೆ ಬೇಕು. ಆದರೆ ಅದಕ್ಕಾಗಿ ಅವರು ಕೇಳಿದ್ದು ನನ್ನ ಮತ್ತು ಮಗಳ ಆಧಾರ್ ಕಾರ್ಡಿನ ಝೆರಾಕ್ಸ್. ಸೇರುವಾಗ ಓಟಿಪಿ ಸಾಕಾಗಿತ್ತು, ಹೊರಗೆ ಹೋಗುವಾಗ ಆಧಾರ್ ಬೇಕಾಯಿತು. ಮಾಹಿತಿ ತೆಗೆಯಿರಿ ಎಂದು ಹೋದವನಿಂದ ಇನ್ನಷ್ಟು ಮಾಹಿತಿಯನ್ನು ಪಡೆದು ಅದೇ ಅಲಮಾರಿಗೆ ತುಂಬುವ ಈ ಕ್ರಮವನ್ನು ನಾನು ಒಪ್ಪಲಿಲ್ಲ. ನೋಂದಾಯಿತ ಮೊಬೈಲಿಗೆ ಇನ್ನೊಂದು ಓಟಿಪಿ ಕಳಿಸಿದರೆ, ಅದರ ಮೇಲೆ ಆ ಸಂಖ್ಯೆಗೆ ಇವರೇ ತಿರುಗಿ ಫೋನ್ ಮಾಡಿ ಕೇಳಿಕೊಂಡರೆ, ಸೋದರಮಾವನ ಆಟ ನಡೆಯುವುದಿಲ್ಲ. ಹಾಗೂ ಗುರುತಿನ ಚೀಟಿ ಬೇಕೇ ಬೇಕೆಂದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ ಮಾಡಿದ ಆಧಾರ್ ಇದೆ. ನೋಡಿ ಹಿಂದಕ್ಕೆ ಕೊಡಬಹುದು. ಈ ಒಂದು ವಿಷಯಕ್ಕೇ ಮೂರು ವಾರ ಕಳೆದವು.

ಅಳಿಸಲು ಕೇಳುವ ಹಕ್ಕು ಯಾರದ್ದು ಎಂಬ ಪ್ರಶ್ನೆಯನ್ನು ಅವರು ಎತ್ತಲಿಲ್ಲ, ಎತ್ತಿದ್ದರೆ ನಾನೇ ಸಿಕ್ಕಿಬೀಳುತ್ತಿದ್ದೆ. ಖಾತೆ ತೆರೆದವನು ನಾನು, ಸಹಿ ನನ್ನದು, ಮೊಬೈಲ್ ನನ್ನ ಹೆಂಡತಿಯದು, ಫೋಟೋ ಮತ್ತು ಬದುಕು ಮಾತ್ರ ಇಪ್ಪತ್ತೇಳು ವರ್ಷದ ನನ್ನ ಮಗಳದ್ದು. ಆಕೆಯನ್ನು ಆ ಫಾರ್ಮಿನ ಮುಂದೆ ಕೂರಿಸಿ ಓದಿಸಬೇಕೆಂದು ನನಗೆ ಹೊಳೆದಿರಲಿಲ್ಲ. ಆಕೆ ಕಾಲೇಜಿಗೆ ಹೋಗಿದ್ದ ದಿನವೇ ನಾವು ಹೋಗಿ ಬಂದಿದ್ದೆವು. ಜನವರಿಯ ಭೇಟಿಯ ನಂತರ ಅರ್ಜಿಗೆ ಆಕೆಯ ಸಹಿಯನ್ನೂ ಹಾಕಿಸಿ ಇನ್ನೊಂದು ಪ್ರತಿ ಕೊಟ್ಟೆ. ಸಹಿ ಹಾಕುವಾಗ, "ಅಪ್ಪಾ, ಹೊಲದ ಲೆಕ್ಕಾನೂ ಬರ್ದೀರೇನು?" ಎಂದು ಕೇಳಿದಳು.

ಕಾನೂನಿನ ಮಾತನ್ನು ಬಳಸಬೇಕಾದದ್ದು ಫೆಬ್ರುವರಿಯಲ್ಲಿ. ಖಾಸಗಿತನವು ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿದ ತೀರ್ಪಿನಲ್ಲಿ ಅರ್ಜಿದಾರರಾಗಿದ್ದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅದೇ ವರ್ಷದ ಜನವರಿಯಲ್ಲಿ ನಮ್ಮ ಹೈಕೋರ್ಟ್ ಒಬ್ಬ ತಂದೆಯ ಅರ್ಜಿಯ ಮೇಲೆ ಇನ್ನೊಂದು ಆದೇಶ ಮಾಡಿತ್ತು: ಹಳೆಯ ಪ್ರಕರಣವೊಂದರಲ್ಲಿ ಬಂದಿದ್ದ ಆತನ ಮಗಳ ಹೆಸರು ಅಂತರ್ಜಾಲದ ಹುಡುಕಾಟದಲ್ಲಿ ಕಾಣದಂತೆ ನೋಡಿಕೊಳ್ಳಬೇಕು, ಆದರೆ ನ್ಯಾಯಾಲಯದ ದೃಢೀಕೃತ ಪ್ರತಿ ಪಡೆದರೆ ಅದರಲ್ಲಿ ಹೆಸರು ಇದ್ದೇ ಇರುತ್ತದೆ ಎಂದು. ಹೆಣ್ಣುಮಗಳ ತಂದೆಯಾಗಿ ಮತ್ತು ದಾಖಲೆ ಕಾಯ್ದವನಾಗಿ ನನಗೆ ಈ ಆದೇಶ ಎರಡೂ ಕಡೆಯಿಂದ ಹಿಡಿಸುತ್ತದೆ. ಸಾರ್ವಜನಿಕರ ಕಣ್ಣಿನಿಂದ ತೆಗೆಯುವುದೇ ಬೇರೆ, ದಾಖಲೆಯನ್ನೇ ಸುಡುವುದು ಬೇರೆ. 1954-55ರ ಖಾಸ್ರಾ ಪಹಣಿ ಎಂಬ ಹೊಲದ ದಾಖಲೆಯನ್ನು ಯಾರಾದರೂ ಹಳೆಯದೆಂದು ಸುಟ್ಟಿದ್ದರೆ ಈ ಭಾಗದ ಅರ್ಧ ಹೊಲದ ವ್ಯಾಜ್ಯಗಳು ಇಂದಿಗೂ ಬಗೆಹರಿಯುತ್ತಿರಲಿಲ್ಲ.

ವ್ಯವಸ್ಥಾಪಕರ ಮುಂದೆ ನಾನು ಇಟ್ಟದ್ದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಎರಡು ಕಲಮುಗಳನ್ನು. 6ನೆಯ ಕಲಮಿನ ಪ್ರಕಾರ ಒಪ್ಪಿಗೆ ಕೊಡುವುದು ಎಷ್ಟು ಸುಲಭವಾಗಿತ್ತೋ ಅದನ್ನು ಹಿಂತೆಗೆದುಕೊಳ್ಳುವುದೂ ಅಷ್ಟೇ ಸುಲಭವಾಗಿರಬೇಕು. 12ನೆಯ ಕಲಮು ತನ್ನ ಮಾಹಿತಿಯನ್ನು ಅಳಿಸಿರೆಂದು ಕೇಳುವ ಹಕ್ಕನ್ನು ಕೊಡುತ್ತದೆ. ಮಾಹಿತಿ ಪಡೆದವರು ತಮ್ಮ ಪರವಾಗಿ ಅದನ್ನು ಇಟ್ಟುಕೊಂಡ ಕಂಪನಿಯಿಂದಲೂ ಅಳಿಸಬೇಕು. ಇದರ ನಿಯಮಗಳು ಪ್ರಕಟವಾದದ್ದು 2025ರ ನವೆಂಬರ್‌ನಲ್ಲಿ, ಅಂದರೆ ನಾನು ಆ ಗುಂಡಿಯನ್ನು ಹುಡುಕುತ್ತಿದ್ದ ತಿಂಗಳಲ್ಲೇ. ಆದರೆ ಈ ಹೊಣೆಗಳು ಜಾರಿಗೆ ಬರಲು ಹದಿನೆಂಟು ತಿಂಗಳ ಕಾಲಾವಕಾಶವಿದೆ. ವ್ಯವಸ್ಥಾಪಕರ ಅಳಿಯ ವಕೀಲರು. "2027ರ ಮೇ ತನಕ ಟೈಮ್ ಅದ್ರಿ" ಎಂದು ಫೋನಿನಲ್ಲೇ ಹೇಳಿದರು, ಅದು ತಪ್ಪಲ್ಲ. ಆ ಕಾಯ್ದೆಯ ವ್ಯಾಪ್ತಿಗೆ ಬರುವುದು ಡಿಜಿಟಲ್ ರೂಪದಲ್ಲಿರುವ ಅಥವಾ ಆಮೇಲೆ ಡಿಜಿಟಲ್ ಮಾಡಿದ ಮಾಹಿತಿ ಮಾತ್ರ ಎಂಬುದೂ, ಯಾರದೋ ಅತ್ತೆ ತನ್ನ ಮನೆಯ ಸಲುವಾಗಿ ಫೋನಿನಲ್ಲಿ ಇಟ್ಟುಕೊಂಡ ಫೋಟೋಗೆ ಅದು ಅನ್ವಯಿಸುವುದಿಲ್ಲ ಎಂಬುದೂ ನಿಜ. ಎಲ್ಲವನ್ನೂ ಅಳಿಸಿ ಎಂದು ನಾನೂ ಕೇಳಿರಲಿಲ್ಲ. ಜಿಎಸ್‌ಟಿ ಕಾನೂನಿನಡಿ ನೋಂದಾಯಿತ ವ್ಯವಹಾರದವರು ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೆಯ ದಿನಾಂಕದಿಂದ 72 ತಿಂಗಳು ಲೆಕ್ಕಪತ್ರ ಇಟ್ಟುಕೊಳ್ಳಬೇಕಾದ್ದರಿಂದ ನನ್ನ 3,500 ರೂಪಾಯಿಯ ರಸೀದಿ ಅವರ ಬಳಿ ಇರಲಿ ಎಂದು ಅರ್ಜಿಯಲ್ಲೇ ಬರೆದಿದ್ದೆ. ರಸೀದಿಗೆ ಮಗಳ ಎತ್ತರವೂ ಹುಟ್ಟಿದ ಗಳಿಗೆಯೂ ಬೇಕಾಗಿಲ್ಲ.

ಇಷ್ಟಕ್ಕೂ ತಡವಾದದ್ದು ಏಕೆ ಎಂದು ನನಗೆ ನಿಧಾನವಾಗಿ ತಿಳಿಯಿತು. ಕೇಂದ್ರದ ಬ್ಯಾನರಿನ ಮೇಲೆ 'ಇಷ್ಟು ಸಾವಿರ ವಧು-ವರರು' ಎಂಬ ಸಂಖ್ಯೆ ಇದೆ. ಮರೆಮಾಡಿದವರೂ ಆ ಸಂಖ್ಯೆಯಲ್ಲಿ ಸೇರುತ್ತಾರೆ, ಅಳಿಸಿದವರು ಸೇರುವುದಿಲ್ಲ. ಇನ್ನೊಂದು ಕಾರಣ ಗೋಡೆ. ಸ್ವಾಗತದ ಮೇಜಿನ ಹಿಂದೆ ಮದುವೆಯಾದ ಜೋಡಿಗಳ ಫೋಟೋಗಳನ್ನು ಚೌಕಟ್ಟು ಹಾಕಿ ತೂಗುಬಿಟ್ಟಿದ್ದಾರೆ. ನಮ್ಮ ಮಗಳ ಮದುವೆ ಫೆಬ್ರುವರಿಯಲ್ಲಿ ಆಯಿತು. ಅದಾದ ಮೇಲೆ ಹೋದಾಗ ವ್ಯವಸ್ಥಾಪಕರು ಬಹಳ ಪ್ರೀತಿಯಿಂದ ಮಾತನಾಡಿಸಿ, ಒಂದು ಮದುವೆ ಫೋಟೋ ತಂದುಕೊಡಿ, ಬಯೋಡೇಟಾ ತೆಗೆದು ಆ ಜಾಗದಲ್ಲಿ ಜೋಡಿಯ ಫೋಟೋ ಹಾಕಿಬಿಡೋಣ ಎಂದರು. ಸಂಬಂಧ ಕೂಡಿಸಿದ್ದು ನನ್ನ ನಾದಿನಿ, ಫೋಟೋ ಇವರ ಗೋಡೆಗೆ. ನಾದಿನಿಗೆ ಈ ಮಾತು ಹೇಳಿದಾಗ, ಹಾಗಿದ್ದರೆ ಆ 3,500 ರೂಪಾಯಿ ನನಗೆ ಕೊಡಿಸಿ ಎಂದಳು. ಆ ಗೋಡೆಯ ಮೇಲಿರುವ ಜೋಡಿಗಳಲ್ಲಿ ಎಷ್ಟು ಜನರನ್ನು ಕೇಳಿ ಹಾಕಿದ್ದಾರೆ ಎಂಬ ಅನುಮಾನ ನನಗೆ ಅಂದಿನಿಂದ ಇದೆ.

ಹೈದರಾಬಾದಿನ ಕಂಪನಿಗೆ ಈಮೇಲ್ ಹೋದದ್ದು ಫೆಬ್ರುವರಿ ಎರಡನೆಯ ವಾರದಲ್ಲಿ, ಅದನ್ನು ಬರೆದವಳು ಆ ಕಂಪ್ಯೂಟರ್ ಹುಡುಗಿ. ಖಾತೆ ಮರುದಿನವೇ ಅಳಿಯಿತು, ಅವರ ಬ್ಯಾಕಪ್‌ನಿಂದ ಮೂವತ್ತು ದಿನಗಳಲ್ಲಿ ಹೋಗುತ್ತದೆ ಎಂದು ಉತ್ತರ ಬಂತು. ಒಂದು ದಿನದ ಕೆಲಸಕ್ಕೆ ಹತ್ತು ವಾರ ಕಾದದ್ದು ಕೇವಲ 'ಕಳಿಸು' ಎಂದು ಹೇಳುವವರಿಲ್ಲದೆ.

ಮಾರ್ಚ್ 23ರ ಸೋಮವಾರ ಕೊನೆಯ ಭೇಟಿ. ಆ ಹುಡುಗಿ ಒಂದು ಹೊಸ ನೋಟುಬುಕ್ಕು ತಂದಿಟ್ಟಿದ್ದಳು. ಸ್ಕೇಲಿನಿಂದ ಗೆರೆ ಎಳೆದು ಕ್ರಮ ಸಂಖ್ಯೆ, ಸದಸ್ಯತ್ವ ಸಂಖ್ಯೆ, ಅರ್ಜಿ ಬಂದ ದಿನ, ಎಲ್ಲೆಲ್ಲಿ ಇತ್ತು, ಎಲ್ಲಿ ಯಾವಾಗ ತೆಗೆಯಲಾಯಿತು, ಏನು ಉಳಿಯಿತು, ಸಹಿ ಎಂದು ಅಂಕಣ ಮಾಡಿದ್ದಳು. ಕ್ರಮ ಸಂಖ್ಯೆ ಒಂದರಲ್ಲಿ ನಾವಿದ್ದೆವು, ಹೆಸರಿಲ್ಲದೆ, ಸಂಖ್ಯೆಯಾಗಿ. ನನ್ನ ಹಳೆಯ ಕೋಣೆಯಲ್ಲಿ ಎ ವರ್ಗದ ಕಡತ ಶಾಶ್ವತ, ಡಿ ವರ್ಗಕ್ಕೆ 5 ವರ್ಷ, ಇ ವರ್ಗಕ್ಕೆ 1 ವರ್ಷ ಎಂದು ಲೆಕ್ಕ ಇರುತ್ತಿತ್ತು, ಅವಧಿ ಮುಗಿದದ್ದನ್ನು ನಾಶಪಡಿಸುವಾಗಲೂ ಒಂದು ವಹಿ ಇರುತ್ತಿತ್ತು. ಆ ವಹಿಯನ್ನು ಯಾರೂ ಹೇಳಿಕೊಡದೆ ಈಕೆ ಹೇಗೆ ಕಂಡುಕೊಂಡಳೋ! ಬಾಕ್ಸ್ ಫೈಲಿನಿಂದ ಫಾರ್ಮು ತೆಗೆದು ನನ್ನ ಕೈಗೆ ಕೊಟ್ಟಳು. ಮೂಲೆಯಲ್ಲಿ ಉಳಿದಿದ್ದ ಪುಸ್ತಕದ ಮೂವತ್ತೆಂಟು ಪ್ರತಿಗಳಲ್ಲಿ 46ನೆಯ ಪುಟ ತೆರೆದು ಆ ಚೌಕದ ಮೇಲೆ ಬಿಳಿ ಸ್ಟಿಕ್ಕರ್ ಅಂಟಿಸುವ ಕೆಲಸವನ್ನು ನಾವಿಬ್ಬರೂ ಸೇರಿ ಮುಗಿಸಿದೆವು. ಹಂಚಿಹೋದ ಪ್ರತಿಗಳಿಗೆ ಉಪಾಯವಿರಲಿಲ್ಲ. ಗುಂಪುಗಳಿಗೆ 'ಈ ಸಂಖ್ಯೆಯ ವಧುವಿನ ವಿವಾಹವಾಗಿದೆ, ದಯವಿಟ್ಟು ಬಯೋಡೇಟಾ ಅಳಿಸಿ, ಮುಂದಕ್ಕೆ ಕಳಿಸಬೇಡಿ' ಎಂದು ಸಂದೇಶ ಹಾಕಿದಳು, ಮತ್ತೆ ಆ ಹಳೆಯ ಫೋಟೋವನ್ನು ಅದಕ್ಕೆ ಜೋಡಿಸಲಿಲ್ಲ. ಸಣ್ಣ ವಿಷಯವಲ್ಲ ಅದು. ನನಗೆ ಗೊತ್ತಿರುವ ಅನೇಕರು ಗುರುತಿಗೆಂದು ಫೋಟೋ ಹಾಕಿಯೇ 'ಇದನ್ನು ಅಳಿಸಿ' ಎನ್ನುತ್ತಿದ್ದರು. ಕೊನೆಗೆ ಲೆಟರ್‌ಹೆಡ್ಡಿನ ಮೇಲೆ ಎಂಟು ಸಾಲಿನ ಹಿಂಬರಹ, ಅಂದರೆ ಅರ್ಜಿಗೆ ಲಿಖಿತ ಉತ್ತರ, ಸಿಕ್ಕಿತು, ಏನನ್ನು ತೆಗೆದೆವು, ರಸೀದಿಯನ್ನು ಏಕೆ ಇಟ್ಟುಕೊಂಡೆವು ಎಂಬ ವಿವರದೊಂದಿಗೆ.

ಸಂಬಂಧ ತೋರಿಸುವುದಕ್ಕೆ ಈ ಕೇಂದ್ರಕ್ಕೆ ಐದರಲ್ಲಿ ನಾಲ್ಕು ನಕ್ಷತ್ರ ಕೊಡುತ್ತೇನೆ, ಬಿಟ್ಟು ಬರುವವರನ್ನು ನಡೆಸಿಕೊಂಡ ರೀತಿಗೆ ಒಂದು, ಆ ಒಂದೂ ನೋಟುಬುಕ್ಕಿಗೆ ಸೇರಿದ್ದು. ಅಲ್ಲಿಗೆ ಸೇರಲು ಹೋಗುವವರು ವಾಟ್ಸ್ಆ್ಯಪ್ ಗುಂಪಿಗೂ ಅಚ್ಚು ಪುಸ್ತಕಕ್ಕೂ ಹಾಕುವುದು ಬೇಡ ಎಂದು ಫಾರ್ಮಿನ ಮೇಲೆಯೇ ಕೈಬರಹದಲ್ಲಿ ಬರೆದು ಸಹಿ ಮಾಡಿ. ನಾನು ಕೇಳಿದಾಗ ಅದಕ್ಕೆ ಅವರ ಆಕ್ಷೇಪವಿರಲಿಲ್ಲ, ಯಾರೂ ಬರೆಯುವುದಿಲ್ಲ ಅಷ್ಟೇ. ಬಯೋಡೇಟಾದಲ್ಲಿ ಫೋನ್ ಸಂಖ್ಯೆ ಕೇಂದ್ರದ್ದೇ ಇರಲಿ. ಅರ್ಜಿಯ ನಕಲಿನ ಮೇಲೆ ಸೀಲು ಹಾಕಿಸಿಕೊಳ್ಳದೆ ಮೆಟ್ಟಿಲಿಳಿಯಬೇಡಿ.

ಹಿಂಬರಹ ಬಂದ ಹನ್ನೆರಡನೆಯ ದಿನ ಚಿಂಚೋಳಿಯಿಂದ ಒಬ್ಬರು ಫೋನ್ ಮಾಡಿದರು. ಮಗಳ ಲಗ್ನವಾಗಿದೆ ಎಂದೆ. "ಹೌದೇನ್ರಿ, ಛಲೋ ಆಯ್ತು ಬಿಡ್ರಿ" ಎಂದು ಮನಸಾರೆ ಹೇಳಿ, ಸ್ವಲ್ಪ ತಡೆದು, "ಮತ್ತ ನಿಮ್ಮ ಸಣ್ಣ ಮಗಳದು ಓದೋದು ಮುಗೀತೇನ್ರಿ? ಪುಸ್ತಕದಾಗ ತಂಗಿ ಬಿ.ಎಸ್ಸಿ. ಅಂತ ಬರ್ದದ" ಎಂದು ಕೇಳಿದರು. ಆಕೆಗೆ ಈಗ ಇಪ್ಪತ್ತು. ಮರುದಿನ ಕೇಂದ್ರಕ್ಕೆ ಎರಡನೆಯ ಅರ್ಜಿ ಕೊಟ್ಟು ಬಂದಿದ್ದೇನೆ, ಈ ಬಾರಿ ಸಹಿ ಆಕೆಯದೇ. ನೋಟುಬುಕ್ಕಿನಲ್ಲಿ ನಮ್ಮದು ಕ್ರಮ ಸಂಖ್ಯೆ ನಾಲ್ಕು.